ಗಾಳಿಯಿಲ್ಲದ ಉಬ್ಬರ

ಒಂದು ಉಬ್ಬರ ತಪ್ಪಿದರೆ ಯಾರಿಗೆ ಎಷ್ಟು ಹೋಗುತ್ತದೆ ಎಂಬುದು ಲಿಯೆನ್ ಚಿನ್‌ಮೂಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗೊತ್ತಿತ್ತು. ನದಿಬಾಯಲ್ಲಿ ಲಂಗರು ಹಾಕಿ ಕೂತ ಹಡಗಿಗೆ ದಿನಕ್ಕೆ ಮೂರು ಸಾವಿರ ಡಾಲರ್. ತಳ್ಳಲು ಬಂದು ಕೆಲಸವಿಲ್ಲದೆ ಮರಳುವ ಟಗ್ ದೋಣಿಗೆ ನಾನೂರು ಯುವಾನ್. ದಕ್ಕೆಯ ಮೇಲೆ ಸಿಗರೇಟು ಸೇದುತ್ತ ಕೂತ ಹಮಾಲರಿಗೆ ಅರ್ಧ ದಿನದ ಕೂಲಿ, ರೈಲಿನ ಖಾಲಿ ಡಬ್ಬಿಗಳ ಬಾಡಿಗೆ, ಮರಕ್ಕಾಗಿ ಬಾಯಿ ತೆರೆದು ಕಾದಿರುವ ಗರಗಸದ ಮಿಲ್ಲುಗಳ ನಷ್ಟ. ಮಾವೇಯ್ ಬಂದರು ಸಮುದ್ರದ ದಂಡೆಯಲ್ಲಿಲ್ಲ. ಮಿನ್ ನದಿಯೊಳಗೆ ಗಂಟೆಗಟ್ಟಲೆ ಬರಬೇಕು. ದಾರಿಯಲ್ಲಿ ನೀರಿನಡಿ ಒಂದು ಮರಳುದಿಬ್ಬ ಎಮ್ಮೆಯ ಹಾಗೆ ಮಲಗಿದೆ. ತುಂಬಿದ ಹಡಗು ಅದನ್ನು ದಾಟಬೇಕಾದರೆ ಉಬ್ಬರ ನೆತ್ತಿಗೇರಿದಾಗಲೇ ದಾಟಬೇಕು. ಆ ಸ್ವಲ್ಪ ಹೊತ್ತು ಕಳೆದರೆ ಮುಂದಿನ ಉಬ್ಬರದ ತನಕ ಕಾಯಬೇಕು. ಮೇಲಿನ ಬೆಟ್ಟಗಳಿಂದ ಇಳಿದು ಹೋಗುವ ಚಹಾ, ಕಾಗದ, ಹೊರಗಿನಿಂದ ಬರುವ ಗೊಬ್ಬರ, ಕಬ್ಬಿಣ, ಮರ ಎಲ್ಲವೂ ಆ ದಿಬ್ಬದ ಮೇಲಿನ ಒಂದಿಷ್ಟು ನೀರನ್ನು ನಂಬಿಕೊಂಡಿದ್ದವು. ಆ ನೀರು ಇಳಿಯುವ ಮುಂಚೆ ಹಡಗನ್ನು ಒಳಗೆ ತರುವ ಪೈಲಟ್ ಅವನು. ಇವತ್ತು ಬೆಳಿಗ್ಗೆಯೂ ತಂದಿದ್ದ. ಇವತ್ತಿನ ಇನ್ನೊಂದು ಖರ್ಚೆಂದರೆ ಹೆಂಡತಿ ಮೇಯ್‌ಶೂ ಪೇಟೆಯಿಂದ ತಂದ ಒಂದು ಇಡೀ ಹಳದಿ ಮೀನು. ತಲೆ, ಬಾಲ, ರೆಕ್ಕೆ ಒಂದೂ ಮುಕ್ಕಾಗದ ಅದಕ್ಕೆ ಹನ್ನೆರಡು ಯುವಾನ್. ಮಗಳನ್ನು ನೋಡಲು ಹುಡುಗ, ಅವನ ಅಪ್ಪ ಅಮ್ಮ ಮಧ್ಯಾಹ್ನ ಊಟಕ್ಕೆ ಬರುವವರಿದ್ದರು.

ಅವನು ಮನೆಯ ಮೆಟ್ಟಿಲು ಹತ್ತುವಾಗ ಹಿಂದೆ ಯಾರೋ ಹತ್ತಿದಂತಾಯಿತು. ತಿರುಗಿ ನೋಡಿದ. ಮೂರನೇ ಮಹಡಿಯ ತನಕ ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ತನ್ನವೇ. ಬೂಟಿನಡಿಯ ನೀರು. ಹಡಗಿನಿಂದ ಇಳಿದು ಎಷ್ಟು ಹೊತ್ತಾಯಿತು, ಇನ್ನೂ ಒಣಗಿಲ್ಲವೇ ಅನ್ನಿಸಿ ನಿಂತ. ಬಂದರಿನ ಕ್ವಾರ್ಟರ್ಸಿನ ಮೆಟ್ಟಿಲಿನಲ್ಲಿ ಯಾವಾಗಲೂ ಕಲ್ಲಿದ್ದಲಿನ ಹೊಗೆ, ಕೋಸಿನ ಉಪ್ಪಿನಕಾಯಿ ವಾಸನೆ ಇರುತ್ತದೆ. ಇವತ್ತು ಅದರೊಳಗೆ ನದಿಯ ತಳದ ಕೆಸರಿನ ವಾಸನೆಯೂ ಬೆರೆತಿತ್ತು. ಅವನು ಜೇಬಿಗೆ ಕೈಹಾಕಿದ. ಕರವಸ್ತ್ರ ಸಿಕ್ಕಿತು, ಅದರ ಮೂಲೆಯ ಗಂಟೂ ಬೆರಳಿಗೆ ತಗಲಿತು. ಈ ಗಂಟನ್ನು ಯಾವಾಗ ಹಾಕಿದೆ ಎಂದು ಬೆಳಗಿನಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ, ಗೊತ್ತಿಲ್ಲದವನ ಹಾಗೆ. ಗೊತ್ತಿತ್ತು. ದಿಬ್ಬಕ್ಕೆ ಸ್ವಲ್ಪ ಕೆಳಗೆ, ಮಂಜು ಇನ್ನೂ ನೀರಿನ ಮೇಲೆ ಕೂತಿದ್ದಾಗ, ಹಡಗಿನ ಎಡಗಡೆ ದೂರದಲ್ಲಿ ನೀಲಿಯ ಒಂದು ಚೂರು ಕಂಡಿತ್ತು. ನೀರಿಗಿಂತ ಒಂದು ಮೊಳ ಮೇಲೆ, ಒಂದು ಕರಿಯ ಗೆರೆಗೆ ಅಂಟಿಕೊಂಡ ಹಾಗೆ. ಅದು ಒಂದೆರಡು ಸಲ ಆಡಿತು. ಚುಕ್ಕಾಣಿಯ ಪಕ್ಕ ನಿಂತಿದ್ದ ಬರ್ಮಾದ ಅಧಿಕಾರಿ ದುರ್ಬೀನಿಗೆ ಕೈಹಾಕುತ್ತ, "ಪೈಲಟ್, ಅಲ್ಲಿ ಮನುಷ್ಯನಾ?" ಎಂದ. "ಚೀಲ. ಗೊಬ್ಬರದ ಚೀಲ," ಎಂದ ಚಿನ್‌ಮೂ. "ಚುಕ್ಕಾಣಿ ನೋಡಿಕೊ, ದಿಬ್ಬ ಹತ್ರ ಬಂತು." ಹೇಳಿ ಮುಖವನ್ನು ಬಲಕ್ಕೆ ತಿರುಗಿಸಿದ. ಅವನ ಕೈಗಳು ಜೇಬಿನೊಳಗೆ ತಾವಾಗಿಯೇ ಕರವಸ್ತ್ರದ ಮೂಲೆ ಹಿಡಿದು, ಎರಡು ಸುತ್ತು ಸುತ್ತಿ, ಒಂದು ಸಲ ಹಿಂದಕ್ಕೆ ತಂದು, ತುದಿಯನ್ನು ಒಳಕ್ಕೆ ತೂರಿಸಿ ಬಿಗಿದವು.

ಅವನ ತಾಯಿ ದೋಣಿಯಲ್ಲಿ ಹೆತ್ತು ದೋಣಿಯಲ್ಲೇ ಸತ್ತವಳು. ನೀರಿನಲ್ಲಿ ತೇಲಿ ಬಂದ ಹೆಣವನ್ನು ಅವಳು ಹೆಣ ಎನ್ನುತ್ತಿರಲಿಲ್ಲ, ಒಳ್ಳೆಯಣ್ಣ ಎನ್ನುತ್ತಿದ್ದಳು. ಒಳ್ಳೆಯಣ್ಣ ಕಣ್ಣಿಗೆ ಬಿದ್ದರೆ ಮುಖ ನೋಡಬಾರದು, ಬೆರಳು ತೋರಿಸಬಾರದು, ಕೂಗಿ ಹೇಳಬಾರದು. ಹೇಳಿದರೆ ಅವನಿಗೆ ಅವಮಾನ. ಕೈಯಲ್ಲಿ ಕೆಲಸವಿದ್ದರೆ ಹತ್ತಿರವಿದ್ದ ಬಟ್ಟೆಗೆ ಒಂದು ಗಂಟು ಹಾಕಿ, "ಅಣ್ಣಾ, ಕತ್ತಲಾಗೋದ್ರೊಳಗೆ ಬರ್ತೀನಿ," ಎಂದು ಮನಸ್ಸಿನಲ್ಲೇ ಮಾತು ಕೊಡಬೇಕು. ಆಮೇಲೆ ಹೋಗಿ ಎತ್ತಿ ದಡಕ್ಕೆ ತರಬೇಕು. ಹೋಗದಿದ್ದರೆ? ಚಿಕ್ಕವನಿದ್ದಾಗ ಕೇಳಿದ್ದ. ತಾಯಿ ಅಕ್ಕಿ ತೊಳೆಯುತ್ತಿದ್ದಳು. "ಹೋಗ್ದಿದ್ರೆ ಅವ್ನೇ ಬರ್ತಾನೆ," ಎಂದು, ಅಕ್ಕಿಯ ನೀರನ್ನು ಹೊಳೆಗೆ ಚೆಲ್ಲಿದ್ದಳು, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ.

ಬಾಗಿಲು ತೆರೆದ ಮೇಯ್‌ಶೂ ಅವನ ಮುಖವನ್ನಲ್ಲ, ಬೂಟನ್ನು ನೋಡಿದಳು. "ಅಯ್ಯೋ, ಈಗಷ್ಟೇ ಒರೆಸಿದ್ದೆ ಕಣ್ರೀ. ಹೊರಗೇ ಬಿಡಿ." ಅಡುಗೆಮನೆಯಲ್ಲಿ ಕೆಂಪು ಗಸಿಯ ಕೋಳಿ ಕುದಿಯುತ್ತಿತ್ತು, ಬಾತುಮೊಟ್ಟೆಯ ಸಾರು ಮುಚ್ಚಿಟ್ಟಿತ್ತು. ಒಲೆಯ ಪಕ್ಕ, ಉದ್ದನೆಯ ತಟ್ಟೆಯಲ್ಲಿ, ಶುಂಠಿ ಹೊದ್ದು ಮಲಗಿತ್ತು ಮೀನು. ಅವನು ಅದನ್ನು ನೋಡುತ್ತ ನಿಂತ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಇಡೀ ಮೀನು ಬೇಯಿಸಿದ್ದಿಲ್ಲ. ಮೇಯ್‌ಶೂ ಯಾವಾಗಲೂ ತುಂಡು ಮಾಡಿಯೇ ಬೇಯಿಸುತ್ತಿದ್ದಳು. ಯಾಕೆಂದು ಮಗಳು ಕೇಳಿರಲಿಲ್ಲ, ಅವಳಿಗೆ ಅದು ಅಮ್ಮನ ಅಡುಗೆಯ ರೀತಿ ಅಷ್ಟೆ. ಇಡೀ ಮೀನಿಟ್ಟರೆ ಮೇಲಿನ ಮಗ್ಗುಲು ತಿಂದಾದ ಮೇಲೆ ಯಾರಾದರೂ ಅದನ್ನು ಮಗುಚುತ್ತಾರೆ. ಮಗುಚಿದರೆ ನೀರಿನ ಮೇಲಿರುವ ದೋಣಿ ಮಗುಚುತ್ತದೆ. ನೀರಿನ ಮೇಲೇ ಬದುಕುವ ದೋಣಿಯವರ ಎದುರಿಗೆ ಯಾರೂ ಮೀನನ್ನು ಮಗುಚುವುದಿಲ್ಲ. ಮುಳ್ಳು ಎತ್ತಿ ಅಡಿಯದನ್ನು ತಿನ್ನುತ್ತಾರೆ. ಇದು ಮೇಯ್‌ಶೂಗೆ ಗೊತ್ತು, ಯಾಕೆಂದರೆ ಗಂಡ ಎಲ್ಲಿಂದ ಬಂದವನು ಎಂದು ಅವಳಿಗೆ ಗೊತ್ತು. ಅವಳ ತವರಿಗೆ ಗೊತ್ತಿರಲಿಲ್ಲ. ಬಂದರಿನವರಿಗೆ ಗೊತ್ತಿದ್ದರೂ ಮುಖದ ಮೇಲೆ ಹೇಳುತ್ತಿರಲಿಲ್ಲ.

"ಇವತ್ತೊಂದಿನ ಬಾಯಿ ಮುಚ್ಕೊಂಡಿರಿ," ಎಂದಳು ಅವಳು, ಮೀನಿನ ಮೇಲೆ ಬಿಸಿ ಎಣ್ಣೆ ಸುರಿಯುತ್ತ. "ಬೀಗರು ಬರೋ ಊಟಕ್ಕೆ ತುಂಡು ಮೀನಿಟ್ರೆ ಭಿಕಾರಿಗಳು ಅಂದ್ಕೋತಾರೆ. ಅವರು ಮಗುಚ್ಲಿ, ಕುಣಿಸ್ಲಿ, ನೀವು ಸೀಲಿಂಗ್ ನೋಡ್ತಿರಿ."

"ನಾನೇನು ಚಿಕ್ಕ ಹುಡುಗನಾ?"

"ಚಿಕ್ಕ ಹುಡುಗ ಆಗಿದ್ರೆ ಹೇಳಿದ್ದು ಕೇಳ್ತಿದ್ರಿ. ಮುಖ ಯಾಕೆ ಹಂಗಿದೆ? ಏನಾಯ್ತು?"

"ಏನಿಲ್ಲ. ಮಂಜು."

"ಕೈ ತೊಳ್ಕೊಳ್ಳಿ. ಏನೋ ವಾಸನೆ."

ಅವನು ಸೋಪು ಹಾಕಿ ಎರಡು ಸಲ ಕೈ ತೊಳೆದ. ನಲ್ಲಿಯ ನೀರು ಕೊರೆಯುತ್ತಿತ್ತು. ಈ ಚಳಿಯಲ್ಲಿ ನದಿ ಇನ್ನೆಷ್ಟು ಕೊರೆಯುತ್ತಿರಬೇಕು ಎಂದು ಯೋಚನೆ ಬಂತು. ಒಳ್ಳೆಯಣ್ಣನಿಗೆ ಚಳಿಯೇನು, ಎಂದು ತಾನೇ ಹೇಳಿಕೊಂಡ. ರೇಡಿಯೋದಲ್ಲಿ ಒಂದು ಮಾತು ಹೇಳಬಹುದಿತ್ತು. ಟಗ್ ಹಿಂದೆಯೇ ಬರುತ್ತಿತ್ತು. ಹಡಗು ನಿಲ್ಲಿಸಬೇಕಾಗಿರಲಿಲ್ಲ, ಉಬ್ಬರ ತಪ್ಪುತ್ತಿರಲಿಲ್ಲ. ಎಡಗಡೆ ನೀರಿನಲ್ಲಿ ಏನೋ ಇದೆ ನೋಡಿ ಎಂದಿದ್ದರೆ ಸಾಕಿತ್ತು. ಪೈಲಟ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೆ ಹೇಳಿದ್ದ ಕೂಡ. ಆಗ ರೇಡಿಯೋದಲ್ಲಿ ಟಗ್ಗಿನವನ ನಗು ಕೇಳಿಸಿತ್ತು: "ನೋಡ್ರಪ್ಪ, ಸೊಟ್ಟಗಾಲಿನವರ ಕಣ್ಣಿಗೆ ಮಾತ್ರ ಅವರ ನೆಂಟ್ರು ಬೇಗ ಕಾಣ್ತಾರೆ." ನದಿಯುದ್ದಕ್ಕೂ ಇದ್ದ ಎಲ್ಲ ದೋಣಿ, ಎಲ್ಲ ಹಡಗು, ಬಂದರಿನ ಕಚೇರಿ ಅದನ್ನು ಕೇಳಿತ್ತು. ದೋಣಿಯ ಇಕ್ಕಟ್ಟಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೂತು ಕಾಲು ಸೊಟ್ಟಗಾದವರು ಎಂದು ದಡದವರು ಇಟ್ಟ ಹೆಸರು ಅದು. ಚಿನ್‌ಮೂ ಅಂದಿನಿಂದ ಯಾರೆದುರೂ ಕುಕ್ಕರಗಾಲಲ್ಲಿ ಕೂತಿಲ್ಲ. ಬಸ್ಸಿಗೆ ಕಾಯುವಾಗಲೂ ಗೂಟದ ಹಾಗೆ ನೆಟ್ಟಗೆ ನಿಲ್ಲುತ್ತಾನೆ. ಇವತ್ತು ರೇಡಿಯೋ ಕೈಗೆಟಕುವಷ್ಟು ಹತ್ತಿರವಿತ್ತು. ಹೆಣ ಎಂದು ಹೇಳಿದ್ದರೆ ಪೊಲೀಸರು ಬರುತ್ತಿದ್ದರು, ಹೇಳಿಕೆ, ಸಹಿ, ಮಧ್ಯಾಹ್ನದ ಊಟ ತಪ್ಪುತ್ತಿತ್ತು. ಇದೂ ನಿಜ. ಆದರೆ ಅವನಿಗೆ ಕೇಳಿಸಿದ್ದು ಆ ನಗುವೇ. ನಕ್ಕವನು ತೀರಿಹೋಗಿ ವರ್ಷಗಳಾಗಿದ್ದವು.

ಗಾವೊ ಹುಡುಗನ ಅಪ್ಪ. ಮರದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ, ದೊಡ್ಡ ಗಂಟಲು. ಬಾಗಿಲಲ್ಲೇ ಎರಡು ಬಾಟಲಿ ಮದ್ಯವನ್ನು ಮೇಯ್‌ಶೂ ಕೈಗಿತ್ತು, ಒಳಗೆ ಬಂದವನೇ ಚಿನ್‌ಮೂನ ಎರಡೂ ಕೈ ಹಿಡಿದುಕೊಂಡ. ಬೆಳಿಗ್ಗೆ ಬಂದ ಹಡಗಿನ ಹೊಟ್ಟೆಯಲ್ಲಿದ್ದದ್ದು ಅವನದೇ ಮರ. ಅವನ ಹೆಂಡತಿ ಮಾತು ಕಡಿಮೆಯ ಹೆಂಗಸು, ಕೂತಲ್ಲಿಂದಲೇ ಮನೆಯ ಪರದೆ, ಗಡಿಯಾರ, ಮಗಳು ಯುಯೇಚನ್‌ಳ ಬೆರಳುಗಳನ್ನೆಲ್ಲ ಅಳೆದಳು. ಹುಡುಗ ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತ ಯುಯೇಚನ್‌ಳ ತಟ್ಟೆಯ ಹತ್ತಿರ ಗುಡ್ಡೆ ಹಾಕುತ್ತಿದ್ದ. ಅದನ್ನು ನೋಡಿ ಚಿನ್‌ಮೂಗೆ ಎದೆ ಸ್ವಲ್ಪ ಸಡಿಲವಾಯಿತು. ಒಳ್ಳೆಯ ಹುಡುಗ. ಇಂಥದ್ದೊಂದು ಮಗಳಿಗೆ ಸಿಕ್ಕರೆ ಸಾಕು.

"ಬೀಗರೇ, ಇನ್ಮೇಲೆ ಹಂಗೇ ಕರೀತೀನಿ," ಎಂದ ಗಾವೊ, ಬಟ್ಟಲೆತ್ತಿ. "ಬೆಳಿಗ್ಗೆ ನಾನು ದಕ್ಕೆ ಮೇಲೇ ನಿಂತಿದ್ದೆ. ಅಷ್ಟು ದೊಡ್ಡ ಹಡಗು, ಬೆಕ್ಕು ಬಂದು ಒಲೆ ಪಕ್ಕ ಮಲಗಿದ ಹಾಗೆ ಬಂದು ನಿಂತ್ಕೊಳ್ತು. ಒಂದು ಚೂರು ಗಾಳಿ ಇಲ್ಲ. ಹೊಗೆ ನೋಡಿದ್ರಾ, ದಾರ ಕಟ್ಟಿ ಮೇಲಕ್ಕೆ ಎಳೆದ ಹಾಗೆ ಹೋಗ್ತಿತ್ತು."

"ಹೂಂ, ಗಾಳಿ ಇರ್ಲಿಲ್ಲ," ಎಂದ ಚಿನ್‌ಮೂ.

"ನಮ್ಮಜ್ಜ ಬೆಟ್ಟದಲ್ಲಿ ಮರ ಕಡಿದು, ತೆಪ್ಪ ಕಟ್ಟಿ ಇದೇ ಹೊಳೇಲಿ ಸಮುದ್ರಕ್ಕೆ ಬಿಡ್ತಿದ್ದ. ನಾನು ಸಮುದ್ರದಿಂದ ಮರ ತರಿಸಿ ಬೆಟ್ಟಕ್ಕೆ ಕಳಿಸ್ತೀನಿ. ಹೊಳೆ ಅದೇ, ಮರ ಮಾತ್ರ ಉಲ್ಟಾ." ತನ್ನ ಮಾತಿಗೆ ತಾನೇ ನಕ್ಕ. "ಈ ಸಲ ನೀವಿದ್ರಿ, ಸಲೀಸಾಯ್ತು. ಹೋದ ಸಲದ ಹಡಗಿನ ಮರಾನ ನದಿಬಾಯಲ್ಲೇ ನೀರಿಗಿಳಿಸಿ ತೆಪ್ಪ ಕಟ್ಟಿದ್ರಲ್ಲ, ನಿನ್ನೆ ರಾತ್ರಿ ಎಳ್ಕೊಂಡು ಬರುವಾಗ ಒಂದು ಹಗ್ಗ ಕಿತ್ತು ಹೋಯ್ತಂತೆ. ಏಳೆಂಟು ದಿಮ್ಮಿ ಮಂಜಲ್ಲಿ ಎಲ್ಲೋ ಹೋದ್ವು."

"ದಿಮ್ಮಿ ಮಾತ್ರನಾ?" ಎಂದು ಕೇಳಿದವನು ಚಿನ್‌ಮೂ. ಕೇಳಿದ ಮೇಲೆ ತನ್ನ ದನಿ ಯಾಕೆ ಅಷ್ಟು ಸಣ್ಣಗಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು.

"ಕೂಲಿಯವನೊಬ್ಬ ಬಂದಿಲ್ಲ ಅಂತಿದ್ರು. ದಿನಗೂಲಿಯವರು, ಕುಡಿದು ಎಲ್ಲೋ ದಡ ಹತ್ತಿರ್ತಾನೆ ಬಿಡಿ. ತಿನ್ನಿ, ತಿನ್ನಿ, ಮೀನು ಆರ್ತಿದೆ."

ಮೀನಿನ ಮೇಲಿನ ಮಗ್ಗುಲು ಖಾಲಿಯಾಗಿತ್ತು. ಬಾಚಣಿಗೆಯಂಥ ಮುಳ್ಳು, ಅದರ ಸಂದಿಯಲ್ಲಿ ಸೋಯಾ ರಸ, ಬೆಳ್ಳಗೆ ಬೆಂದ ಕಣ್ಣು. ಚಿನ್‌ಮೂ ಸೀಲಿಂಗ್ ನೋಡಿದ. ಸೀಲಿಂಗಿನಲ್ಲಿ ಮಳೆಗಾಲದ ತೇವದ ಕಲೆಯೊಂದಿತ್ತು. ಇಷ್ಟು ದಿನ ಅದು ಎಲೆಯ ಹಾಗೆ ಕಾಣುತ್ತಿತ್ತು, ಇವತ್ತು ಕೈ ಚಾಚಿ ಮಲಗಿದವನ ಹಾಗೆ. ದಿನಗೂಲಿಯವನು. ಈಗ ಎಲ್ಲಿರಬಹುದು? ಇಳಿತ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ದಿಬ್ಬದ ಮೇಲೆ ಸುಮ್ಮನೆ ನಿಂತಿದ್ದ ನೀರು ಈಗ ಹೊರಳಿ, ಹಿಡಿದದ್ದನ್ನೆಲ್ಲ ಸಮುದ್ರದ ಕಡೆಗೆ ಒಯ್ಯುತ್ತಿರುತ್ತದೆ. ಕತ್ತಲಾಗುವುದರೊಳಗೆ ಬರುತ್ತೇನೆ ಎಂದಿದ್ದ. ಯಾರಿಗೆ ಹೇಳಿದ್ದು? ಕೇಳಿಸಿಕೊಳ್ಳುವ ಕಿವಿ ಅಲ್ಲಿ ಇತ್ತೇ? ಕಣ್ಣಿನ ಅಂಚಿನಲ್ಲಿ ಗಾವೊನ ಚಾಪ್‌ಸ್ಟಿಕ್ಕು ಮೀನಿನ ಹೊಟ್ಟೆಯಡಿ ಹೋಗುವುದು ಕಂಡಿತು. ಮೀನಿನ ತಲೆ ಸ್ವಲ್ಪ ಎದ್ದಿತು. ಬಾಲ ತಟ್ಟೆಯಿಂದ ಮೇಲೆ ಬಂತು. ಮೇಯ್‌ಶೂ ಜೋರಾಗಿ, "ಅನ್ನ ಹಾಕ್ಲಾ?" ಎಂದಳು. ಅಷ್ಟರಲ್ಲಿ ಚಿನ್‌ಮೂನ ಕೈ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗಿ ಗಾವೊನ ಮಣಿಕಟ್ಟನ್ನು ಹಿಡಿದಾಗಿತ್ತು.

ಮೀನು ತಟ್ಟೆಗೆ ಜಾರಿ ಬಿತ್ತು. ರಸ ಹುಡುಗನ ತಾಯಿಯ ತೋಳಿಗೆ ಹಾರಿತು.  ಚಿನ್‌ಮೂಗೆ ಬಿಡಬೇಕೆಂದು ಗೊತ್ತಿತ್ತು, ಬೆರಳುಗಳು ಬಿಡಲಿಲ್ಲ. ಆ ಕೈ ಹಡಗಿನ ಹಗ್ಗದೇಣಿ ಹತ್ತುವ ಕೈ. ಗಾವೊನ ಬೆರಳ ತುದಿ ಬೆಳ್ಳಗಾಗುತ್ತಿತ್ತು. ಯುಯೇಚನ್, "ಅಪ್ಪಾ," ಎಂದಾಗ ಬಿಟ್ಟ.

ಗಾವೊ ಮಣಿಕಟ್ಟು ಉಜ್ಜಿಕೊಳ್ಳುತ್ತ ಅವನನ್ನು ನೋಡಿದ, ಮೀನನ್ನು ನೋಡಿದ, ಬಗ್ಗಿ ಮೇಜಿನಡಿ ಅವನ ಕಾಲುಗಳನ್ನೂ ಒಮ್ಮೆ ನೋಡಿದ. ಆಮೇಲೆ ನಿಧಾನಕ್ಕೆ ಮುಖದ ತುಂಬ ನಗು ತಂದುಕೊಂಡ. "ಓಹೋ. ಹಾಗೋ ವಿಷಯ. ಅದಕ್ಕೇ ಹೊಳೆ ನಿಮಗೆ ಅಷ್ಟು ಸಲೀಸು. ಇರ್ಲಿ ಬಿಡಿ, ಕಾಲ ಬದಲಾಗಿದೆ. ನಾನೇನೂ ಅಂಥದ್ದೆಲ್ಲ ನೋಡೋನಲ್ಲ. ಮನೇಲಿ ನಮ್ಮಮ್ಮ ಇದ್ದಾಳೆ, ಹಳೇ ಕಾಲದವಳು. ಅವಳಿಗೊಂದು ಮಾತು ಕೇಳಿ ಹೇಳಿ ಕಳಿಸ್ತೀನಿ, ಲಿಯೆನ್ ಪೈಲಟ್ರೇ."

ಬೀಗರೇ ಎಂಬುದು ಅಷ್ಟರೊಳಗೆ ಹೋಗಿತ್ತು. ಹುಡುಗ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದ. ಮೇಯ್‌ಶೂ ಬಟ್ಟೆ ತಂದು ಆ ಹೆಂಗಸಿನ ತೋಳು ಒರೆಸತೊಡಗಿದಳು, ಕಲೆ ಹೋದ ಮೇಲೂ ಒರೆಸುತ್ತಲೇ ಇದ್ದಳು. ಚಿನ್‌ಮೂ ಎದ್ದ. "ನನಗೊಂದು ಕೆಲಸ ಇದೆ. ಕತ್ತಲಾಗೋದ್ರೊಳಗೆ ಹೋಗ್ಬೇಕು," ಎಂದ. ಅಂಥ ಹೊತ್ತಿನಲ್ಲಿ ಆಡುವ ಮಾತಲ್ಲ ಅದು. ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ ಅವು ಇನ್ನೂ ಒದ್ದೆಯಿದ್ದವು.

ಕಲ್ಲಿದ್ದಲ ದಕ್ಕೆಯ ಹಿಂದಿನ ಕಾಲುವೆಗೆ ಮನೆಯಿಂದ ಹತ್ತು ನಿಮಿಷದ ದಾರಿ. ಎರಡು ವರ್ಷದಿಂದ ಅವನು ಆ ದಾರಿ ಹಿಡಿದಿರಲಿಲ್ಲ. ಅಲ್ಲಿ ಅವನ ಅಕ್ಕ ಶುಯ್‌ಮೇಯ್ ಇನ್ನೂ ದೋಣಿಯಲ್ಲೇ ಇದ್ದಳು. ಲಂಗರು ಹಾಕಿದ ಹಡಗುಗಳ ಪಕ್ಕಕ್ಕೆ ಹೋಗಿ ಖಲಾಸಿಗಳಿಗೆ ಕಿತ್ತಳೆ, ಮೊಟ್ಟೆ, ಸಿಗರೇಟು ಮಾರುತ್ತಿದ್ದಳು. ಅವನು ಅವಳನ್ನು ನೋಡಿರಲಿಲ್ಲವೆಂದಲ್ಲ. ವಾರಕ್ಕೊಮ್ಮೆಯಾದರೂ ಹಡಗಿನ ಮೇಲಿನಿಂದ ನೋಡುತ್ತಿದ್ದ. ನಾಲ್ಕು ಮಹಡಿ ಕೆಳಗೆ ನೀರಿನ ಮೇಲೆ ಒಂದು ಬಿದಿರಿನ ಟೋಪಿ, ಅದರಡಿ ಅಕ್ಕ. ಟೋಪಿ ಎಂದೂ ಮೇಲಕ್ಕೆ ಎತ್ತಿದ್ದಿಲ್ಲ. ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಎತ್ತುತ್ತಿರಲಿಲ್ಲವೋ. ಅಷ್ಟು ಎತ್ತರದಿಂದ ನೋಡಿದರೆ ಎಲ್ಲವೂ ಚೀಲದ ಹಾಗೆಯೇ ಕಾಣುತ್ತದೆ ಎಂದು, ಕಾಲುವೆಯ ವಾಸನೆ ಮೂಗಿಗೆ ಬಡಿದಾಗ, ಅವನಿಗೆ ಹೊಳೆಯಿತು.

ಅವಳು ಬಲೆ ಹೊಲಿಯುತ್ತಿದ್ದಳು. ತಲೆಯೆತ್ತದೆ, "ಸಾಹೇಬ್ರು ದಾರಿ ತಪ್ಪಿದ್ರಾ? ಬಸ್ ಸ್ಟ್ಯಾಂಡ್ ಆ ಕಡೆ," ಎಂದಳು.

"ಅಕ್ಕಾ, ದೋಣಿ ಬೇಕು."

"ಮಗಳನ್ನ ನೋಡೋಕೆ ಬಂದಿದ್ರಂತಲ್ಲ ಇವತ್ತು. ಮೀನು ಮಾರೋಳು ಹೇಳಿದ್ಲು. ಹನ್ನೆರಡು ಯುವಾನ್ ಮೀನಂತೆ. ನನಗೆ ಮುಳ್ಳು ತಂದ್ಯಾ?"

ಅವನು ಜೇಬಿನಿಂದ ಕರವಸ್ತ್ರ ತೆಗೆದು ತೋರಿಸಿದ. ಶುಯ್‌ಮೇಯ್ ಗಂಟನ್ನು ನೋಡಿದಳು. ಬಲೆಯನ್ನು ಪಕ್ಕಕ್ಕಿಟ್ಟಳು. ಇನ್ನೇನೂ ಕೇಳದೆ ಎದ್ದು ಹಗ್ಗ ಬಿಚ್ಚಿದಳು. "ಎಲ್ಲಿ?" ಎಂದದ್ದು ದೋಣಿ ಕಾಲುವೆಯಿಂದ ಹೊರಗೆ ಬಂದ ಮೇಲೆ.

"ದಿಬ್ಬದ ಕೆಳಗೆ. ಬೆಳಿಗ್ಗೆ."

"ಬೆಳಿಗ್ಗೆ." ಅವಳು ಆ ಪದವನ್ನು ಬಾಯಲ್ಲಿಟ್ಟು ರುಚಿ ನೋಡಿದ ಹಾಗೆ ಹೇಳಿದಳು. "ಈಗ ಬಂದ್ಯಲ್ಲ, ಅದೇ ದೊಡ್ಡದು. ಕೂತ್ಕೊ, ನಿಂತ್ಕೊಂಡ್ರೆ ದೋಣಿ ವಾಲುತ್ತೆ. ಕೂರೋದು ಮರ್ತೋಯ್ತಾ?"

ಅವನು ಕುಕ್ಕರಗಾಲಲ್ಲಿ ಕೂತ. ಮಂಡಿ ನೋಯಿತು, ಆಮೇಲೆ ನೋವು ಹೋಗಿ ಕಾಲುಗಳು ಎಂದೋ ಕಲಿತ ಜಾಗಕ್ಕೆ ತಾವೇ ಹೋಗಿ ಕೂತವು. ಇಳಿತ ದೋಣಿಯನ್ನು ಹೊತ್ತೊಯ್ಯಿತು; ಅಕ್ಕ ಹಿಂದಿನ ಹುಟ್ಟನ್ನು ಸುಮ್ಮನೆ ದಾರಿ ತಪ್ಪದಷ್ಟು ಆಡಿಸುತ್ತಿದ್ದಳು. ಇಷ್ಟು ಕೆಳಗಿನಿಂದ ಅವನು ನದಿಯನ್ನು ನೋಡಿ ಮೂವತ್ತು ವರ್ಷವಾಗಿತ್ತು. ಬೆಳಿಗ್ಗೆ ತಾನು ತಂದ ಹಡಗಿನ ಪಕ್ಕದಲ್ಲೇ ಹೋದರು. ಕ್ರೇನು ಕೆಂಪು ದಿಮ್ಮಿಗಳನ್ನು ಎತ್ತುತ್ತಿತ್ತು, ಹಮಾಲರು ಕೂಗುತ್ತಿದ್ದರು, ರೈಲಿನ ಡಬ್ಬಿಗಳು ಸಾಲಾಗಿ ನಿಂತಿದ್ದವು. ಹಡಗಿನ ಗೋಡೆ ಆಕಾಶವನ್ನು ಮುಚ್ಚಿತ್ತು. ಅಲ್ಲಿ ಮೇಲೆ ಕಟಕಟೆ ಹಿಡಿದು ಯಾರೋ ನಿಂತು ಕೆಳಗೆ ನೋಡುತ್ತಿದ್ದ. ಬರ್ಮಾದವನೋ ಏನೋ. ಚಿನ್‌ಮೂ ಕೈ ಎತ್ತಬೇಕೆಂದುಕೊಂಡ. ಎತ್ತಿದರೂ ಅವನಿಗೆ ಏನು ಕಾಣುತ್ತದೆ ಎನ್ನಿಸಿ ಸುಮ್ಮನಾದ.

ಕಲ್ಲಿನ ಗೋಪುರ ದಾಟಿ ನದಿ ಬಾಗುವಲ್ಲಿ ಜೊಂಡು ಬೆಳೆದ ಕೆಸರುದಂಡೆಯಿದೆ. ನದಿ ತನಗೆ ಬೇಡವಾದದ್ದನ್ನು ಇಳಿತದಲ್ಲಿ ಅಲ್ಲಿ ಬಿಟ್ಟುಹೋಗುತ್ತದೆ: ಡಬ್ಬಿ, ಚಪ್ಪಲಿ, ಕೋಸಿನ ಸಿಪ್ಪೆ, ಸತ್ತ ಹಂದಿ. ಅಕ್ಕ ಅತ್ತಲೇ ದೋಣಿ ತಿರುಗಿಸಿದಳು. ತಾಯಿಯ ಜೊತೆ ಇಲ್ಲಿಗೇ ಬರುತ್ತಿದ್ದರು. ಅವರಿಬ್ಬರನ್ನೂ ಬೆನ್ನು ತಿರುಗಿಸಿ ಕೂರಲು ಹೇಳಿ ತಾಯಿ ಒಬ್ಬಳೇ ಎತ್ತುತ್ತಿದ್ದಳು. ಬೆನ್ನಿಗೆ ಕೇಳಿಸುತ್ತಿದ್ದ ನೀರಿನ ಸದ್ದು, ತಾಯಿಯ ಏದುಸಿರು, ಅವಳು ಅಪರಿಚಿತನಿಗೆ ಮೆಲ್ಲಗೆ ಹೇಳುತ್ತಿದ್ದ ಮಾತು. ಈಗ ಬೆನ್ನು ತಿರುಗಿಸಲು ಯಾರೂ ಹೇಳಲಿಲ್ಲ. ಜೊಂಡಿನ ಅಂಚಿನಲ್ಲಿ ಒಂದು ಕೆಂಪು ದಿಮ್ಮಿ ಅರ್ಧ ಕೆಸರಿಗೆ ಬಂದು ತಗಲಿಕೊಂಡಿತ್ತು. ಅದರ ತುದಿಗೆ ಗಾವೊನ ಕಂಪನಿಯ ಬಿಳಿ ಗುರುತು. ದಿಮ್ಮಿಯ ಮೇಲೆ ಬೋರಲಾಗಿ, ಕೆನ್ನೆಯನ್ನು ತೊಗಟೆಗೆ ಒತ್ತಿಕೊಂಡು, ಕಾಲು ನೀರಿನಲ್ಲಿ ಬಿಟ್ಟು ಅವನು ಮಲಗಿದ್ದ.

ವಯಸ್ಸು ಇಪ್ಪತ್ತೈದೋ ಮೂವತ್ತೋ. ಬರಿ ಬನಿಯನ್. ಸೊಂಟದ ಹಗ್ಗವನ್ನು ಬಿಚ್ಚಿ ತನ್ನನ್ನು ದಿಮ್ಮಿಗೆ ಕಟ್ಟಿಕೊಂಡಿದ್ದ. ಈ ಚಳಿಯಲ್ಲಿ ಬರಿ ಬನಿಯನ್ ಯಾಕೆ ಎಂದು ಚಿನ್‌ಮೂ ಒಂದು ಕ್ಷಣ ಯೋಚಿಸಿದ. ಆಮೇಲೆ ಕಂಡಿತು. ದಿಮ್ಮಿಗೆ ಹೊಡೆದ ಕಬ್ಬಿಣದ ಮೊಳೆಗೆ ಒಂದು ಬಿದಿರಿನ ಕೋಲನ್ನು ಸಿಕ್ಕಿಸಿ, ಕೋಲಿನ ತುದಿಗೆ ತನ್ನ ನೀಲಿ ಅಂಗಿಯ ತೋಳನ್ನು ಕಟ್ಟಿದ್ದ. ಕೋಲಿನ ಬುಡ ಇನ್ನೂ ಅವನ ಮುಷ್ಟಿಯಲ್ಲಿತ್ತು.

ಶುಯ್‌ಮೇಯ್ ದೋಣಿಯನ್ನು ದಿಮ್ಮಿಗೆ ತಾಗಿಸಿ ನಿಲ್ಲಿಸಿದಳು. "ಅಣ್ಣಾ, ಬಂದ್ವಿ. ಬಾ, ಮನೆಗೆ ಹೋಗೋಣ," ಎಂದಳು, ತಾಯಿಯ ಹಾಗೆಯೇ. ಆಮೇಲೆ ಅಂಗಿಯ ತೋಳಿನ ಗಂಟನ್ನು ಬಿಚ್ಚಲು ಕೈಯಿಟ್ಟವಳು ಹಾಗೇ ನಿಂತಳು. ಎರಡು ಸುತ್ತು, ಒಂದು ಸಲ ಹಿಂದಕ್ಕೆ, ತುದಿ ಒಳಕ್ಕೆ. "ಚಿನ್‌ಮೂ, ನಮ್ಮವನು," ಎಂದಳು. "ದೋಣಿಯವನು."

ಚಿನ್‌ಮೂ ಜೇಬಿಗೆ ಕೈಹಾಕಿ ಕರವಸ್ತ್ರದ ಗಂಟು ಮುಟ್ಟಿದ. ಅವನ ಜೇಬಿನಲ್ಲಿದ್ದ ಗಂಟೂ ಇದೂ ಒಂದೇ ಕೈಯಿಂದ ಬಂದಂತಿದ್ದವು. ಬೆಳಿಗ್ಗೆ ನೋಡಿದವನು ದಡದವನಾಗಿದ್ದರೆ ಕೂಗುತ್ತಿದ್ದ, ನೀರಿನಲ್ಲಿ ಮನುಷ್ಯ ಎಂದು. ಬರ್ಮಾದವನಿಗೆ ಮನುಷ್ಯನೇ ಕಂಡಿದ್ದ. ನೀರಿನ ಮೇಲೆ ನೀಲಿ ಬಟ್ಟೆ ಕಂಡರೆ ಒಳ್ಳೆಯಣ್ಣನೆಂದು ತಿಳಿದು, ಮರ್ಯಾದೆಯಿಂದ ಮುಖ ತಿರುಗಿಸಿ, ಸಂಜೆಗೆ ಬರುತ್ತೇನೆಂದು ಗಂಟು ಹಾಕಿ, ಗಂಟು ಹಾಕಿದ್ದರಿಂದಲೇ ಮನಸ್ಸು ಹಗುರ ಮಾಡಿಕೊಂಡು ಮುಂದೆ ಹೋಗುವುದು ದೋಣಿಯಲ್ಲಿ ಹುಟ್ಟಿದವನಿಗೆ ಮಾತ್ರ ಬರುತ್ತದೆ. ತಾಯಿ ಕಲಿಸಿದ್ದು ಸತ್ತವರಿಗೆ. ಬದುಕಿದ್ದವನಿಗೆ ಏನು ಮಾಡಬೇಕೆಂದು ಯಾರೂ ಕಲಿಸಬೇಕಾಗಿಲ್ಲವೆಂದು ಅವಳು ತಿಳಿದಿದ್ದಳು.

"ನೀನು ನೋಡ್ದಾಗ ಈ ಅಂಗಿ ಹೆಂಗಿತ್ತು?" ಎಂದಳು ಅಕ್ಕ. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಆ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

"ಆಡ್ತಿತ್ತು."

"ಹೆಂಗೆ ಆಡ್ತಿತ್ತು?"

"ಒಂದೆರಡು ಸಲ. ಈ ಕಡೆ, ಆ ಕಡೆ."

"ಬೆಳಿಗ್ಗೆ ಗಾಳಿ ಇತ್ತಾ?"

ನೀರು ದೋಣಿಯ ಅಡಿಯಲ್ಲಿ ಸದ್ದು ಮಾಡುತ್ತ ಇಳಿಯುತ್ತಿತ್ತು. ಹಡಗಿನ ಹೊಗೆ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗಿದ್ದು ಅವನಿಗೆ ಕಂಡಿತು. ಬೆಕ್ಕು ಮಲಗಿದ ಹಾಗೆ ಹಡಗು ದಕ್ಕೆಗೆ ಬಂದದ್ದು, ಊಟದ ಮೇಜಿನ ಮುಂದೆ ತಾನೇ ಹೂಂ ಎಂದದ್ದು.

"ಇರ್ಲಿಲ್ಲ," ಎಂದ.

ಶುಯ್‌ಮೇಯ್ ಕೊನೆಯ ಬೆರಳನ್ನೂ ಬಿಡಿಸಿ, ದಿಮ್ಮಿಗೆ ಕಟ್ಟಿದ್ದ ಹಗ್ಗ ಬಿಚ್ಚಿದಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ತಲೆಯ ಕಡೆ ಹಿಡಿದಳು, ಅವನು ಕಾಲಿನ ಕಡೆ ಹಿಡಿದ. ಕಾಲು ಸ್ವಲ್ಪ ಸೊಟ್ಟಗಿತ್ತು, ಅವನದೇ ಕಾಲಿನ ಹಾಗೆ. ದೋಣಿಯ ಹಲಗೆಯ ಮೇಲೆ ಮಲಗಿಸಿ ಮುಖಕ್ಕೆ ನೀಲಿ ಅಂಗಿ ಹೊದಿಸುವ ಮುಂಚೆ ಚಿನ್‌ಮೂ ಆ ಮುಖವನ್ನು ನೋಡಿದ. ನೋಡಬಾರದೆಂದು ತಾಯಿ ಹೇಳಿದ್ದಳು. ಕಣ್ಣು ತೆರೆದೇ ಇತ್ತು. ಆಮೇಲೆ ಅಕ್ಕನ ಕೈಯಿಂದ ಹುಟ್ಟು ತೆಗೆದುಕೊಂಡು, ಇಳಿತಕ್ಕೆ ಎದುರಾಗಿ, ಅಂಗೈ ಕಿತ್ತು ಬರುವ ತನಕ ಮಾವೇಯ್ ಕಡೆಗೆ ಹುಟ್ಟು ಹಾಕಿದ. ಅವರು ಪೊಲೀಸ್ ಚೌಕಿಯ ಮೆಟ್ಟಿಲು ತಲುಪಿದಾಗ ಇನ್ನೂ ಬೆಳಕಿತ್ತು. ಕೊಟ್ಟ ಮಾತು ತಪ್ಪಲಿಲ್ಲ. ಬೆಳಿಗ್ಗೆ ಕಂಡೆ, ಚೀಲವೆಂದು ಹೇಳಿದೆ, ಎಂದು ಅವನು ಹೇಳಿಕೆ ಕೊಟ್ಟ. ಪೊಲೀಸಿನವನು ಬರೆದುಕೊಂಡು, "ಮಂಜಿತ್ತಲ್ಲ, ಯಾರಿಗಾದ್ರೂ ಹಂಗೇ ಕಾಣುತ್ತೆ," ಎಂದು ಕಳಿಸಿಬಿಟ್ಟ.

ಉಬ್ಬರ ಸಿಕ್ಕಿತ್ತು, ಹಡಗಿನ ಮೂರು ಸಾವಿರ ಡಾಲರ್ ಉಳಿದಿತ್ತು, ಗಾವೊನ ಮರ ಕತ್ತಲಾಗುವುದರೊಳಗೆ ರೈಲು ಹತ್ತಿತು, ಕಳೆದುಹೋದ ದಿಮ್ಮಿಗಳಲ್ಲೊಂದೂ ಮರಳಿ ಸಿಕ್ಕಿತು. ಗಾವೊನ ಮನೆಯಿಂದ ಆಮೇಲೆ ಯಾರೂ ಹೇಳಿ ಕಳಿಸಲಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಒಂದು ಮಾತು ಆಡಿದ್ದರೆ ಯಾರಿಗೂ ಒಂದು ಯುವಾನ್ ಖರ್ಚಾಗುತ್ತಿರಲಿಲ್ಲ, ಮತ್ತು ಆ ದಿನಗೂಲಿಯವನು ಬದುಕಿರುತ್ತಿದ್ದ.